ಧ್ರುವ ಸಮುದ್ರದಲ್ಲಿ ನಮ್ಮೂರ ಮುರಕಲ್ಲು

ಧರ್ಮಸ್ಥಳದ ಸುತ್ತಮುತ್ತಲಿನ ಮುರಕಲ್ಲು ಕೋರೆಗಳನ್ನು ಉತ್ತರ ಧ್ರುವದ ಹತ್ತಿರ ಪತ್ತೆ ಮಾಡಿದ ಮೊದಲ ಮನುಷ್ಯ ನಾನು. ಎರಡನೆಯವನು ಇನ್ನೂ ಹುಟ್ಟಿರಲಾರ. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಿಗಿಂತ ಕೆಳಗೆ, ವರ್ಷವಿಡೀ ಕೊರೆಯುವ ಸಮುದ್ರದ ನಟ್ಟನಡುವೆ ಒಂದು ಗೊಂಚಲು ಕೆಂಪು ಚುಕ್ಕೆಗಳು. ಪಕ್ಕದಲ್ಲಿ ನಾನೇ ಕಷ್ಟಪಟ್ಟು ಕನ್ನಡದಲ್ಲಿ ಟೈಪು ಮಾಡಿದ ಊರ ಹೆಸರುಗಳು: ನಿಡ್ಲೆ, ಕೊಕ್ಕಡ, ಪಟ್ರಮೆ, ಬೆಳಾಲು. ಇದನ್ನು ನಾನು ಮನೆಯಲ್ಲಿ ಒಬ್ಬನೇ ಕೂತು ನೋಡಿದ್ದರೆ ಯಾರಿಗೂ ಹೇಳದೆ ಅಳಿಸಿಬಿಡುತ್ತಿದ್ದೆ. ನೋಡಿದ್ದು ಮೂವತ್ತು ನಲವತ್ತು ಜನರ ಜೊತೆ, ಗೋಡೆಯ ಮೇಲೆ, ಪ್ರೊಜೆಕ್ಟರಿನಲ್ಲಿ.

"ಇದು ಪಟ್ರಮೆಯಾ ಮಾರಾಯ್ರೆ? ಹೊಳೆಗೆ ನೀರು ಸ್ವಲ್ಪ ಜಾಸ್ತಿ ಬಂದ ಹಾಗೆ ಉಂಟು" ಎಂದರು ಹಿಂದಿನ ಸಾಲಿನಿಂದ ಯಾರೋ.

ತಪ್ಪು ಬಹಳ ಚಿಕ್ಕದು. ಧರ್ಮಸ್ಥಳ ಇರುವುದು ಉತ್ತರ ಅಕ್ಷಾಂಶ 12.95, ಪೂರ್ವ ರೇಖಾಂಶ 75.38ರ ಆಸುಪಾಸು. ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ ಎಂದು ನಮಗೆ ಶಾಲೆಯಲ್ಲಿ ಬೆತ್ತ ತೋರಿಸಿ ಬಾಯಿಪಾಠ ಮಾಡಿಸಿದ್ದರು. ಕ್ಯೂಜಿಐಎಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಮೊದಲು ಎಕ್ಸ್ ಕೇಳುತ್ತದೆ. ಎಕ್ಸ್ ಎಂದರೆ ರೇಖಾಂಶ. ನಾನು ಬೆತ್ತಕ್ಕೆ ಹೆದರಿ ಅಕ್ಷಾಂಶ ಕೊಟ್ಟೆ. ಸಾಫ್ಟ್‌ವೇರಿಗೆ 75 ಡಿಗ್ರಿ ಅಕ್ಷಾಂಶ ಎಂದರೂ ಒಪ್ಪಿಗೆಯೇ, ಭೂಮಿಯ ಮೇಲೆ ಅಂಥ ಜಾಗ ಉಂಟಲ್ಲ! ನಾನು ಗುವಾಹಟಿಯವನಾಗಿದ್ದರೆ ಬಚಾವಾಗುತ್ತಿದ್ದೆ. ಅಲ್ಲಿಯ ರೇಖಾಂಶ 91 ದಾಟುತ್ತದೆ, ಅಕ್ಷಾಂಶ 90ಕ್ಕಿಂತ ಮೇಲೆ ಹೋಗುವ ಹಾಗಿಲ್ಲ, ತಪ್ಪು ಆಗಲೇ ಗೊತ್ತಾಗುತ್ತಿತ್ತು. ಬೆಳ್ತಂಗಡಿ ತಾಲೂಕಿನಲ್ಲಿ ಹುಟ್ಟಿದವನಿಗೆ ಆ ಭಾಗ್ಯವಿಲ್ಲ.

ಈ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನನ್ನ ನಾಲಗೆಯಿಂದಲೇ. ಊರಿನ ಕೆಲವು ಉತ್ಸಾಹಿಗಳು ಸೇರಿ ನಮ್ಮ ಕಡೆಯ ನೀರು, ಕಾಡು, ಕಲ್ಲು, ಮಣ್ಣು ಎಲ್ಲದರ ದಾಖಲೆ ಒಂದೇ ಪುಸ್ತಕದಲ್ಲಿ ಮಾಡುವ ಎಂದು ಹೊರಟಿದ್ದರು. ನೀರನ್ನು ಒಬ್ಬ ನಿವೃತ್ತ ಮೇಷ್ಟ್ರು ಹಿಡಿದುಕೊಂಡರು, ಕಾಡನ್ನು ಹಕ್ಕಿ ನೋಡುವ ಹುಡುಗರು. ಖನಿಜ ಎಂದಾಗ ಎಲ್ಲರೂ ಚಹಾ ಲೋಟದೊಳಗೆ ನೋಡತೊಡಗಿದರು. ನಮ್ಮಲ್ಲಿ ಖನಿಜ ಎಂದರೆ ಚಿನ್ನವೋ ವಜ್ರವೋ ಅಲ್ಲ. ಗುಡ್ಡೆಯ ಮುರಕಲ್ಲು, ಕೋರೆಯ ಕರಿಕಲ್ಲು, ಹೊಳೆಯ ಹೊಯ್ಗೆ. ಕಾನೂನು ಇವನ್ನು ಉಪಖನಿಜ ಎನ್ನುತ್ತದೆ. ಉಪ ಎಂದ ಮಾತ್ರಕ್ಕೆ ಉಪದ್ರ ಕಡಿಮೆಯೇನಲ್ಲ. ಎಲ್ಲಿ ಕೋರೆ ಉಂಟು ಎಂದು ಕೇಳಿಕೊಂಡು ಹೋದರೆ ಕೋರೆಯವರು ಒಂದು ಲೆಕ್ಕ ಹಾಕುತ್ತಾರೆ, ಪಕ್ಕದ ಮನೆಯವರು ಇನ್ನೊಂದು.

ಆಗ ನಾನು ಬಾಯಿ ಬಿಟ್ಟೆ. "ಕೇಳಿಕೊಂಡು ಹೋಗುವುದು ಎಂತಕ್ಕೆ? ಮೇಲಿಂದ ನೋಡಿದರಾಯಿತಲ್ಲ. ಬಳ್ಳಾರಿಯಲ್ಲಿ ಹಾಗೆಯೇ ಅಲ್ಲವಾ ಹಿಡಿದದ್ದು?"

ಬಳ್ಳಾರಿಯ ಹೆಸರು ಎತ್ತಿದರೆ ಸಭೆ ಗಂಭೀರವಾಗುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಕೇಂದ್ರ ಉನ್ನತಾಧಿಕಾರ ಸಮಿತಿಯ ಉಸ್ತುವಾರಿಯಲ್ಲಿ ತಂಡಗಳು ಒಂದೊಂದು ಗುತ್ತಿಗೆಯ ಗಡಿಯನ್ನೂ ಅಳೆದು, ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಯಾರು ಬೇಲಿ ದಾಟಿದ್ದಾರೆ, ಎಷ್ಟು ದಾಟಿದ್ದಾರೆ ಎಂದು ಎ, ಬಿ, ಸಿ ದರ್ಜೆ ಕೊಟ್ಟವು. 2013ರ ಏಪ್ರಿಲ್‌ನಲ್ಲಿ ಸಿ ದರ್ಜೆಯ ಗುತ್ತಿಗೆಗಳೆಲ್ಲ ರದ್ದಾದವು. ಎರಡು ರಾಜ್ಯಗಳ ನಡುವಿನ ಗಡಿಯೇ ಎಲ್ಲಿ ಎಂದು ತಕರಾರಿದ್ದ ಜಾಗದಲ್ಲಿ ಇಷ್ಟು ಆಗಿದೆ ಎಂದ ಮೇಲೆ ನಮ್ಮ ಹತ್ತು ಗುಡ್ಡೆ ಯಾವ ಲೆಕ್ಕ ಎಂದು ನಾನು ಹೇಳಿದೆ. ಸಭೆ ಚಪ್ಪಾಳೆ ಹೊಡೆಯಿತು. ಬಳ್ಳಾರಿಯಲ್ಲಿ ಆ ತಂಡಗಳು ಬಿಸಿಲಲ್ಲಿ ಯಂತ್ರ ಹೊತ್ತು ಗುಡ್ಡ ಹತ್ತಿ ಅಳೆದಿದ್ದವು ಎಂಬ ವಿಷಯವನ್ನು ನಾನು ಎತ್ತಲಿಲ್ಲ.

ಧ್ರುವ ಯಾತ್ರೆಯ ನಂತರ ಎಕ್ಸ್, ವೈ ಅದಲುಬದಲು ಮಾಡಿದೆ. ಈ ಸಲ ಚುಕ್ಕೆಗಳು ಭಾರತಕ್ಕೆ ಬಂದವು. ನನಗೆ ಕಣ್ಣಲ್ಲಿ ನೀರು. ಆದರೆ ಹಿಗ್ಗಿಸಿ ನೋಡಿದರೆ ಅವುಗಳಲ್ಲಿ ಅರ್ಧ ಮಾತ್ರ ಧರ್ಮಸ್ಥಳದ ಸುತ್ತ ಇದ್ದವು, ಉಳಿದರ್ಧ ಸುಮಾರು 45 ಕಿಲೋಮೀಟರ್ ದಕ್ಷಿಣಕ್ಕೆ, ಕಾಸರಗೋಡು ಗಡಿಯ ಕಡೆಗೆ ಗುಳೆ ಹೋಗಿದ್ದವು. ಹಳೆಯ ಕಾಗದಗಳಿಂದ ನಾನು ನಕಲು ಮಾಡಿದ ಅಂಕಿಗಳು ಡಿಗ್ರಿ, ಮಿನಿಟುಗಳಲ್ಲಿದ್ದವು. 12 ಡಿಗ್ರಿ 57 ಮಿನಿಟನ್ನು ನಾನು 12.57 ಎಂದು ಬರೆದಿದ್ದೆ. ಒಂದು ಡಿಗ್ರಿಗೆ 60 ಮಿನಿಟು, 57 ಮಿನಿಟು ಎಂದರೆ ಡಿಗ್ರಿಯ ನೂರರಲ್ಲಿ 95 ಭಾಗ. ಗಡಿಯಾರ ನೋಡಲು ಬರುವ ಮಕ್ಕಳಿಗೂ ತಿಳಿಯುವ ಲೆಕ್ಕ. ಕರ್ನಾಟಕದ ಕಲ್ಲನ್ನು ಪರ್ಮಿಟ್ ಇಲ್ಲದೆ, ಲಾರಿ ಇಲ್ಲದೆ, ಒಂದು ಚುಕ್ಕಿಯ ಬಲದಿಂದ ಗಡಿಗೆ ಸಾಗಿಸಿದ ನನ್ನ ಮೇಲೆ ಯಾವ ಇಲಾಖೆಯೂ ಕೇಸು ಹಾಕಲಿಲ್ಲ.

ಅದನ್ನೂ ಸರಿ ಮಾಡಿದ ಮೇಲೆ ಎಲ್ಲ ಚುಕ್ಕೆಗಳೂ ಒಟ್ಟಿಗೆ ಚೆನ್ನೈ ದಾಟಿ ಬಂಗಾಳ ಕೊಲ್ಲಿಗೆ ಬಿದ್ದ ಒಂದು ಸಂಜೆಯೂ ಇತ್ತು. ನಕ್ಷೆಯವರು ಭೂಗೋಳವನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಹೆಚ್ಚಿದ್ದಾರೆ. ನಮ್ಮದು 43ನೆಯದು, ನಾನು 44 ಒತ್ತಿದ್ದೆ. ಆ ಕತೆ ಸಾಕು.

ಅಂತೂ ಚುಕ್ಕೆಗಳು ನೆಲೆ ನಿಂತವು. ಇನ್ನು ಚಿತ್ರ ಬೇಕು. ಯುರೋಪಿನವರ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ ನಮ್ಮ ತಲೆಯ ಮೇಲೆ ಹಾದು ಚಿತ್ರ ತೆಗೆದು ಯಾರಿಗೆ ಬೇಕಾದರೂ ಉಚಿತವಾಗಿ ಕೊಡುತ್ತವೆ. ನಮ್ಮ ಇಸ್ರೋದ ಭುವನ್ ಜಾಲತಾಣ 2009ರಿಂದ ಇದೆ. ನಾನು ಜುಲೈ ತಿಂಗಳ ಚಿತ್ರ ಇಳಿಸಿಕೊಂಡೆ. ಪೂರ್ತಿ ಬಿಳಿ. ಆಗಸ್ಟ್ ಬಿಳಿ. ಸೆಪ್ಟೆಂಬರಿನಲ್ಲಿ ಮೋಡದ ತೂತಿನಿಂದ ಒಂದು ಶಾಲೆಯ ಮಾಡು ಕಂಡ ಹಾಗಾಯಿತು. ಘಟ್ಟದ ಬುಡದಲ್ಲಿ ಕೂತು ಮಳೆಗಾಲದಲ್ಲಿ ಆಕಾಶದಿಂದ ನೆಲ ನೋಡುತ್ತೇನೆ ಎಂದವನ ಹುಂಬತನಕ್ಕೆ ಚಾರ್ಮಾಡಿಯ ಮೋಡಗಳು ಕೊಟ್ಟ ಉತ್ತರ ಅದು. ಮೋಡ ತೂರಿ ನೋಡುವ ರೇಡಾರ್ ಉಪಗ್ರಹಗಳೂ ಇವೆ. ಅವುಗಳ ಚಿತ್ರ ತೆರೆದು ನೋಡಿದೆ, ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣುತ್ತಿದ್ದುದೇ ಕಂಡಿತು, ಮರ್ಯಾದೆಯಿಂದ ಮುಚ್ಚಿದೆ.

ಡಿಸೆಂಬರಿನ ಚಿತ್ರ ಮಾತ್ರ ಅದ್ಭುತ. ತೆರೆದರೆ ಇಡೀ ತಾಲೂಕು ಕೆಂಪು! ಬೈಲು ಬೈಲುಗಳಲ್ಲಿ, ಹೊಳೆಯ ಇಕ್ಕೆಲಗಳಲ್ಲಿ ಕಡುಗೆಂಪು ಹಾಸಿ ಬಿದ್ದಿದೆ. ಮುರಕಲ್ಲು ಕೆಂಪು, ಚಿತ್ರ ಕೆಂಪು. ನಾನು ರಾತ್ರಿ ನಿದ್ದೆಗೆಟ್ಟು ಒಂದೊಂದನ್ನೂ ಗೆರೆ ಎಳೆದು ಸುತ್ತುವರಿದು ಮುಂದಿನ ಸಭೆಗೆ ಒಯ್ದೆ. ಬೆಳ್ತಂಗಡಿ ತಾಲೂಕು ಬಹುಪಾಲು ಮುರಕಲ್ಲಿನ ನಿಕ್ಷೇಪದ ಮೇಲೆ ಕುಳಿತಿದೆ ಎಂದು ಸಾರಿದೆ. ಮುಂದಿನ ಸಾಲಿನ ಕೃಷಿಕರೊಬ್ಬರು ಎದ್ದು ಗೋಡೆಯ ಹತ್ತಿರ ಹೋಗಿ ಬೆರಳಿಟ್ಟರು.

"ಇದು ಹೊಳೆ ತಿರುಗುವ ಜಾಗ ಅಲ್ಲವಾ? ಹಾಗಾದರೆ ಇದು ನನ್ನ ಅಡಿಕೆ ತೋಟ."

"ಇರಲಿಕ್ಕಿಲ್ಲ" ಎಂದೆ.

"ಪಂಪ್ ಶೆಡ್ ಕಾಣ್ತದೆ ಮಾರಾಯ್ರೆ."

ಮನೆಗೆ ಬಂದು ಓದಿದೆ. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಧಾರಾಳವಾಗಿ ಹಿಂದಕ್ಕೆ ಎರಚುತ್ತದೆ. ಕಾಣದ ಆ ಬೆಳಕನ್ನು ತೋರಿಸಲು ಉಪಗ್ರಹದವರು ಅದಕ್ಕೆ ಕೆಂಪು ಬಣ್ಣ ಹಚ್ಚುವುದು ರೂಢಿ. ಆದ್ದರಿಂದ ಅಂಥ ಚಿತ್ರದಲ್ಲಿ ಎಲ್ಲಿ ಕಡುಗೆಂಪೋ ಅಲ್ಲಿ ಸೊಂಪಾದ ಗಿಡಮರ. ನಿಜವಾದ ಬೋಳು ಮುರ ಬೂದಿಯೋ ನೀಲಿಯೋ ಆಗಿ ಮೂಲೆಯಲ್ಲಿ ಕೂತಿರುತ್ತದೆ. ನಾನು ಸುತ್ತುವರಿದದ್ದು ತಾಲೂಕಿನ ಅಡಿಕೆ, ರಬ್ಬರ್ ಮತ್ತು ಮೀಸಲು ಅರಣ್ಯವನ್ನು. ಸಭೆಗೆ ಒಯ್ಯುವ ಬದಲು ಅದನ್ನು ತೋಟಗಾರಿಕೆಯವರಿಗೆ ಕೊಟ್ಟಿದ್ದರೆ ಒಳ್ಳೆಯ ಹೆಸರು ಬರುತ್ತಿತ್ತೇನೊ.

ಸೋಲೊಪ್ಪದೆ ಶಾಸ್ತ್ರೋಕ್ತ ದಾರಿ ಹಿಡಿದೆ. ಕಬ್ಬಿಣದ ಆಕ್ಸೈಡ್ ನೀಲಿ ಬೆಳಕನ್ನು ನುಂಗುತ್ತದೆ, ಕೆಂಪನ್ನು ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಚಿತ್ರದ ಕೆಂಪು ಪಟ್ಟಿಯನ್ನು ನೀಲಿ ಪಟ್ಟಿಯಿಂದ ಭಾಗಿಸಿದರೆ ಕಬ್ಬಿಣವಿರುವ ಕಲ್ಲುಮಣ್ಣು ಮಿಂಚುತ್ತದೆ. ಭೂವಿಜ್ಞಾನಿಗಳು ದಶಕಗಳಿಂದ ಮಾಡಿಕೊಂಡು ಬಂದ ಲೆಕ್ಕ, ಅದರಲ್ಲಿ ಮೋಸವಿಲ್ಲ. ನಾನು ಭಾಗಿಸಿದೆ. ಮಿಂಚಿತು. ಎಲ್ಲಕ್ಕಿಂತ ದೊಡ್ಡ ನಿಕ್ಷೇಪ ಪುಂಜಾಲಕಟ್ಟೆಯಿಂದ ಚಾರ್ಮಾಡಿಯ ಕಡೆಗೆ ಬೈಲು ಗುಡ್ಡೆ ಎನ್ನದೆ ಉದ್ದಕ್ಕೆ ಹಾವಿನಂತೆ ಹರಿದಿತ್ತು. ಇಷ್ಟು ಉದ್ದದ ಅಕ್ರಮ ಕೋರೆಯನ್ನು ಯಾರೂ ಕಂಡಿಲ್ಲವೇ ಎಂದು ರೋಮಾಂಚನಗೊಂಡೆ. ದಿನಕ್ಕೆ ಸಾವಿರಾರು ಜನ ಕಾಣುತ್ತಾರೆ, ಅದರ ಮೇಲೆಯೇ ಬಸ್ಸಿನಲ್ಲಿ ಹೋಗುತ್ತಾರೆ. ಅದು ಅಗಲ ಮಾಡಲೆಂದು ಬಗೆದಿಟ್ಟ ರಾಷ್ಟ್ರೀಯ ಹೆದ್ದಾರಿ 73.

ಎರಡನೆಯದು ಒಂದು ಶಾಲೆಯ ಆಟದ ಮೈದಾನ. ಆಮೇಲಿನ ಪುಟ್ಟ ಪುಟ್ಟ ಚುಕ್ಕೆಗಳಲ್ಲಿ ಎಷ್ಟೋ ಹಂಚಿನ ಮಾಡುಗಳು. ಇದರಲ್ಲಿ ಯಂತ್ರವನ್ನು ದೂರುವ ಹಾಗಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಂದಿನಿಂದ ನಮ್ಮ ಕಡೆಯ ಕಬ್ಬಿಣ ಕೂಡಿದ ಮಣ್ಣು ಸುಟ್ಟು ಕೆಂಪಾಗಿ ಮನೆಗಳ ಮೇಲೆ ಹತ್ತಿ ಕೂತಿದೆ. ಖನಿಜ ಸಂಪತ್ತು ನೆಲದಡಿಯಲ್ಲೇ ಇರಬೇಕೆಂದು ಉಪಗ್ರಹಕ್ಕೆ ಯಾರೂ ಹೇಳಿರಲಿಲ್ಲ.

ಆದರೂ ಒಂದು ಚುಕ್ಕೆಯ ಮೇಲೆ ನನಗೆ ಭಾರಿ ಭರವಸೆ ಇತ್ತು. ನಿಡ್ಲೆಯ ಕಡೆಗೆ, ರಸ್ತೆಯಿಂದ ಒಳಗೆ, ಸುತ್ತ ತೋಟ, ನಡುವೆ ನಾಲ್ಕೈದು ಪಿಕ್ಸೆಲ್ ಧಗಧಗ. ಸೆಂಟಿನೆಲ್‌ನ ಒಂದು ಪಿಕ್ಸೆಲ್ ಎಂದರೆ ಹತ್ತು ಮೀಟರ್ ಉದ್ದ, ಹತ್ತು ಅಗಲ. ನಮ್ಮ ಲೆಕ್ಕದಲ್ಲಿ ಎರಡೂವರೆ ಸೆಂಟ್ಸು ಜಾಗ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನ ಪಿಕ್ಸೆಲ್ 22 ಸೆಂಟ್ಸು. ಒಂದು ಸೆಂಟ್ಸಿಗೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ಊರಿನಲ್ಲಿ ಇಷ್ಟು ದಪ್ಪದ ಪೆನ್ನಿನಿಂದ ಗಡಿ ಬರೆಯುವುದು ಕಷ್ಟವೇ. ಆದರೂ ಹತ್ತು ಹನ್ನೆರಡು ಸೆಂಟ್ಸಿನ ಕೋರೆ ಎಂದು ಖಾತ್ರಿ ಮಾಡಿಕೊಂಡು ಸ್ಕೂಟರ್ ಹತ್ತಿದೆ. ಸರ್ವೆ ನಂಬರು ನೋಡಲು ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿತ್ತು. ನಿಂತ ಜಾಗದ ಸರ್ವೆ ನಂಬರನ್ನು ಅದು ಹೇಳುತ್ತದೆ, ನಿಂತ ಜಾಗದಲ್ಲಿ ನೆಟ್‌ವರ್ಕ್ ಇದ್ದರೆ.

ಗೇಟು ದಾಟಿ ಒಳಗೆ ಹೋದರೆ ದೊಡ್ಡ ಅಂಗಳ. ಅಂಗಳದ ತುಂಬ ಹಣ್ಣಡಿಕೆ ಒಣಗಲು ಹರಡಿದೆ. ಕಿತ್ತಳೆಗೆಂಪು. ಮೊಬೈಲಿನ ಬಾಣ ಅಂಗಳದ ನಡುಮಧ್ಯ ನಿಂತಿದೆ, ನಾನೂ ಅಲ್ಲೇ, ಅಡಿಕೆಯ ಮೇಲೆ ಕಾಲಿಟ್ಟು.

"ಯಾರು ಬೇಕಿತ್ತು?" ಮನೆಯ ಅಮ್ಮ ಹೊರಗೆ ಬಂದರು.

ಉಪಗ್ರಹ ಎಂದೆ. ಕಬ್ಬಿಣದ ಆಕ್ಸೈಡ್ ಎಂದೆ. ಅವರು ತಾಳ್ಮೆಯಿಂದ ಕೇಳಿ, ಒಳಗೆ ತಿರುಗಿ, "ಕರೆಂಟು ಬಿಲ್ಲಿನವರಲ್ಲ, ಬೇರೆ ಎಂತದೋ" ಎಂದು ಕೂಗಿ ಹೇಳಿದರು. ಆಮೇಲೆ ಬೆಲ್ಲ, ನೀರು ತಂದಿಟ್ಟರು. ಬಿಸಿಲಲ್ಲಿ ಬಂದವನು ಯಾರಾದರೇನು! ಬೆಲ್ಲ ಕಚ್ಚುತ್ತಾ ನಾನು ಜಗಲಿಯಲ್ಲಿ ಕೂತಿದ್ದ ಅಜ್ಜನಿಗೆ ಮೊಬೈಲಿನ ನಕ್ಷೆ ತೋರಿಸಿದೆ. ಮನೆಯ ಹಿಂದೆಯೇ ಒಂದು ಕೆರೆ ಕಂಡಿತ್ತು, ನೀಲಿಯಾಗಿ ಚಂದವಾಗಿ. ಅದನ್ನು ನಾನು ಜಲಸಂಪನ್ಮೂಲದ ಮೇಷ್ಟ್ರಿಗೆ ಉದಾರವಾಗಿ ಬಿಟ್ಟುಕೊಟ್ಟಿದ್ದೆ.

"ಕೆರೆ ಅಲ್ಲ ಅದು" ಎಂದರು ಅಜ್ಜ. "ಮುರಕಲ್ಲು ತೆಗೆದ ಹೊಂಡ. ಮಳೆಯ ನೀರು ನಿಂತದ್ದು ಇನ್ನೂ ಇಳಿದಿಲ್ಲ."

ಊರಲ್ಲಿ ಯಾವುದನ್ನು ಹುಡುಕಿ ಹೊರಟಿದ್ದೆನೋ ಅದನ್ನು ನನ್ನ ನಕ್ಷೆ ನೀರು ಎಂದು ಬರೆದು ಬೇರೆಯವರ ಅಧ್ಯಾಯಕ್ಕೆ ಸೇರಿಸಿತ್ತು. ಅಜ್ಜನಿಗೆ ಕನಿಕರ ಬಂದಿರಬೇಕು. "ಮುರ ಬೇಕಾದರೆ ದೀಪಾವಳಿ ಕಳೆದ ಮೇಲೆ ಗುಡ್ಡೆ ನೋಡಿ. ಹುಲ್ಲು ಮೊದಲು ಎಲ್ಲಿ ಒಣಗುತ್ತದೋ ಅಲ್ಲಿ ಮಣ್ಣು ತೆಳು, ಅಡಿಯಲ್ಲಿ ಕಲ್ಲು. ಅದಕ್ಕೆ ಮೇಲೆ ಹೋಗಿ ನೋಡಬೇಕೆಂತ ಇಲ್ಲ" ಎಂದರು.

ನನಗೆ ನಾಚಿಕೆಯಾಗಬೇಕಿತ್ತು, ಆಸೆಯಾಯಿತು. ಅಕ್ಟೋಬರ್ ಕೊನೆಯ ಒಂದು ಚಿತ್ರ, ಡಿಸೆಂಬರಿನ ಒಂದು ಚಿತ್ರ, ಎರಡರಲ್ಲೂ ಹಸಿರಿನ ಅಳತೆ ತೆಗೆದು ಒಂದರಿಂದೊಂದು ಕಳೆದರೆ ಮೊದಲು ಒಣಗಿದ ಜಾಗಗಳು ತಾವಾಗಿ ಎದ್ದು ಬರಬೇಕಲ್ಲ! ಅಜ್ಜನ ವಿದ್ಯೆಯನ್ನು ಕಂಪ್ಯೂಟರಿಗೆ ಕಲಿಸಿದೆ. ಹೇಳಿದರೆ ನಂಬುವುದಿಲ್ಲ, ಕೆಲಸ ಮಾಡಿತು. ಗುಡ್ಡೆಗಳ ಮೇಲಿನ ಬೋಳು ಪದವುಗಳು ಒಂದೊಂದಾಗಿ ಕಂದು ಬಣ್ಣದಲ್ಲಿ ಮೇಲೆದ್ದವು. ಹೋಗಿ ಮೆಟ್ಟಿ ನೋಡಿದಲ್ಲೆಲ್ಲ ಕಾಲಡಿ ಟಣ್ ಎನ್ನುವ ಮುರ. ನಡುವೆ ಒಂದು ಕಡೆ ಮಾತ್ರ ಕಲ್ಲಿನ ಬದಲು ಒಬ್ಬ ಸಿಟ್ಟಿನ ಯಜಮಾನರು ಸಿಕ್ಕಿದರು. ಪಂಪು ಸುಟ್ಟುಹೋಗಿ ಅವರ ತೋಟ ಒಣಗಿತ್ತು. ಅದನ್ನು ಹುಡುಕಿಕೊಂಡು ನೋಡಲು ಬಂದವ ಎಂದು ಅವರು ತಿಳಿದರು.

ಅಜ್ಜನ ಹಾಗೆ ನೆಲ ನೋಡಿಯೇ ಮುರ ಗುರುತಿಸಿದವರು ಹಿಂದೆಯೂ ಇದ್ದರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಬೆಳ್ತಂಗಡಿ, ಮೂಡುಬಿದಿರೆಗಳ ಮೇಲೆ ಹಾದು ಹೋಗಿದ್ದ. ಮೆದುವಾಗಿರುವಾಗ ಕಡಿದರೆ ಗಾಳಿಗೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂದು ಜಗತ್ತಿಗೆಲ್ಲ ಒಪ್ಪಿಗೆಯಾಗುವ ಹೆಸರಿಟ್ಟವನು ಅವನೇ. ಅದನ್ನು ಅವನು ಗುರುತಿಸಿದ್ದು ಮಲಬಾರಿನ ಅಂಗಡಿಪುರಂನಲ್ಲಿ, ನೆಲದ ಮೇಲೆ ನಿಂತು, ಜನರನ್ನು ಕೇಳಿ. ಅವನ ಪುಸ್ತಕ 1807ರಲ್ಲಿ ಬಂತು, ಇವತ್ತಿಗೂ ಅದನ್ನು ಓದುವವರಿದ್ದಾರೆ. ನನ್ನ ನಕ್ಷೆಯ ವಿಚಾರ ಬಿಡಿ.

ಕಲ್ಲಿನ ಮಾತು ಬಂದಾಗ ಧರ್ಮಸ್ಥಳದವರು ಬಾಹುಬಲಿಯನ್ನು ನೆನೆಯದೆ ಇರುವುದಿಲ್ಲ. 39 ಅಡಿಯ ಏಕಶಿಲಾ ಮೂರ್ತಿ. ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ್ದು, 1973ರಲ್ಲಿ ದೊಡ್ಡ ಟ್ರೇಲರಿನ ಮೇಲೆ ಮಲಗಿ ಇಲ್ಲಿಗೆ ಬಂದದ್ದು. ರತ್ನಗಿರಿಯ ಮೇಲೆ 1982ರಲ್ಲಿ ಪ್ರತಿಷ್ಠೆಯಾಯಿತು. ಶಿಲ್ಪಿಗಳು ಬಂಡೆಯ ಮೇಲೆ ಕೈಯಾಡಿಸಿ, ಬಡಿದು, ಸದ್ದು ಕೇಳಿ ಆರಿಸುತ್ತಿದ್ದ ಕಾಲ ಅದು. ವಿಶೇಷವೆಂದರೆ ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರ ಜುಲೈನಲ್ಲಿ, ಅಂದರೆ ಮೂರ್ತಿ ಊರೂರ ಜನರನ್ನು ರಸ್ತೆಗಿಳಿಸಿಕೊಂಡು ಬರುತ್ತಿದ್ದಾಗ ಮೇಲೊಂದು ಕಣ್ಣು ಸುತ್ತುತ್ತಲೇ ಇತ್ತು. ಅದರ ಪಿಕ್ಸೆಲ್ ಸುಮಾರು 80 ಮೀಟರ್, ಒಂದೂವರೆ ಎಕರೆಗೂ ಮಿಗಿಲು. ಅದಕ್ಕೆ ಬಾಹುಬಲಿಯೂ ಇಲ್ಲ, ಟ್ರೇಲರೂ ಇಲ್ಲ. ಇವತ್ತಿನ ಸೆಂಟಿನೆಲ್‌ನಲ್ಲೂ ನಾನು ಹುಡುಕಿದೆ. ನೆಟ್ಟಗೆ ಮೇಲಿಂದ ನೋಡಿದರೆ ಬಾಹುಬಲಿ ಎಂದರೆ ಒಂದು ತಲೆ, ಎರಡು ಭುಜ, ಅಷ್ಟೇ. ಪಿಕ್ಸೆಲಿನೊಳಗೆ ಮುಳುಗಿ ಹೋಗುತ್ತದೆ. ನಮ್ಮ ಗಡಾಯಿಕಲ್ಲಿನಂಥ ಬಂಡೆಬೆಟ್ಟ ಕೂಡ ನೆರಳಿನಿಂದ ಮಾತ್ರ ಗುರುತು ಸಿಕ್ಕಿತು.

ಪೂರ್ತಿ ನಿರಾಶೆ ಎನ್ನಬಾರದು. ಚಿತ್ರದ ಉತ್ತರದ ಅಂಚಿನಲ್ಲಿ, ಘಟ್ಟದ ಹಸಿರಿನ ನಡುವೆ, ಯಾರೂ ತಪ್ಪಲಾರದಷ್ಟು ಸ್ಪಷ್ಟವಾಗಿ ಒಂದು ದೊಡ್ಡ ಗಾಯ ಮತ್ತು ಅದರ ಪಕ್ಕ ಕೆಸರು ತುಂಬಿದ ಒಂದು ಅಣೆಕಟ್ಟು ಸಿಕ್ಕಿತು. ನಾನೇ ಸ್ವತಃ, ಯಾರ ಸಹಾಯವೂ ಇಲ್ಲದೆ, ಮೊದಲ ನೋಟದಲ್ಲೇ ಪತ್ತೆ ಮಾಡಿದ ನಿಜವಾದ ಗಣಿ. ಕುದುರೆಮುಖ. ಲಕ್ಯಾ ಅಣೆಕಟ್ಟು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ಮುಚ್ಚಿದೆ. ನಮ್ಮ ತಾಲೂಕಲ್ಲ, ನಮ್ಮ ಜಿಲ್ಲೆಯೂ ಅಲ್ಲ.

ಕೊನೆಯ ಸಭೆಗೆ ನಾನು ತಯಾರಾಗಿಯೇ ಹೋದೆ. ಗೇಲಿ ಶುರುವಾಗುವ ಮೊದಲೇ ಸರಕಾರದ ಉದಾಹರಣೆ ಇಟ್ಟೆ. 2016ರ ಅಕ್ಟೋಬರಿನಲ್ಲಿ ಕೇಂದ್ರ ಗಣಿ ಸಚಿವಾಲಯ ಮೈನಿಂಗ್ ಸರ್ವೇಲೆನ್ಸ್ ಸಿಸ್ಟಮ್ ಆರಂಭಿಸಿತು. ಗಣಿ ಗುತ್ತಿಗೆಯ ಗಡಿಯಿಂದ 500 ಮೀಟರ್ ವ್ಯಾಪ್ತಿಯಲ್ಲಿ ನೆಲದ ಮೋರೆ ಬದಲಾದರೆ ಕಂಪ್ಯೂಟರ್ ಉಪಗ್ರಹ ಚಿತ್ರ ನೋಡಿ ಟ್ರಿಗರ್ ಎಂಬ ಎಚ್ಚರಿಕೆ ಕಳಿಸುತ್ತದೆ, ಅಧಿಕಾರಿ ಸ್ಥಳಕ್ಕೆ ಹೋಗಿ ನೋಡುತ್ತಾನೆ. ಮೊದಲ ಸುತ್ತಿನಲ್ಲಿ ದೇಶದ ಉದ್ದಗಲಕ್ಕೆ 296 ಟ್ರಿಗರ್ ಬಂದವು. ಹೋಗಿ ನೋಡಿದ ಮೇಲೆ ಅಕ್ರಮ ಎಂದು ಕಂಡದ್ದು ಐವತ್ತಕ್ಕಿಂತ ಕಡಿಮೆ. "ದೆಹಲಿಯವರಿಗೇ ಆರರಲ್ಲಿ ಒಂದು. ನನ್ನದೇನು ಮಹಾ?" ಎಂದೆ.

"ಅವರು ಹೋಗಿ ನೋಡಿ ಆಮೇಲೆ ಹೇಳಿದ್ದು. ನೀವು ಹೇಳಿ ಆಮೇಲೆ ಹೋಗಿ ನೋಡಿದ್ದು" ಎಂದರು ಮೇಷ್ಟ್ರು. ಅವರ ಜಲಸಂಪನ್ಮೂಲದ ಪಟ್ಟಿಯಿಂದ ನಾನು ದಾನ ಕೊಟ್ಟ ಕೆರೆಗಳನ್ನೆಲ್ಲ ಹೊಡೆದುಹಾಕಿ ಬಂದಿದ್ದರು.

ಆದ್ದರಿಂದ ಓದುಗರಲ್ಲಿ ವಿನಂತಿ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಧರ್ಮಸ್ಥಳ, ಉಜಿರೆ, ಕೊಕ್ಕಡದ ಆಸುಪಾಸು ಮುರಕಲ್ಲು ಎಲ್ಲಿ ಉಂಟು ಎಂದು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಕ್ಷಾಂಶ ರೇಖಾಂಶ ಖಂಡಿತ ಬೇಡ. ಯಾವ ಸ್ಟಾಪಿನಲ್ಲಿ ಇಳಿಯಬೇಕು, ಯಾರ ಮನೆಯಲ್ಲಿ ಕೇಳಬೇಕು, ಅಲ್ಲಿ ನಾಯಿ ಕಟ್ಟಿರುತ್ತದೋ ಇಲ್ಲವೋ, ಇಷ್ಟು ಬರೆದರೆ ಸಾಕು.